ಕಾರ್ಯದರ್ಶಿಯ ಎರಡು ಅರ್ಕಾವೊತ್ತು

ಮೊದಲ ಪ್ರತಿ ಪ್ರಿಂಟರಿನಿಂದ ಹೊರಬಿದ್ದಾಗ ಸಂಘದ ಕಾರ್ಯದರ್ಶಿಗಳು ಅದನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದರು. ಕನ್ನಡಕವನ್ನು ಹಣೆಗೇರಿಸಿದರು, ಮತ್ತೆ ಮೂಗಿಗಿಳಿಸಿದರು. ಮೇಲಿನ ಸಂಘದ ಹೆಸರಿನಿಂದ ಕೆಳಗಿನ ಸಹಿಯ ಜಾಗದವರೆಗೆ ಸಾಲುಸಾಲಾಗಿ ಕಪ್ಪು ಚೌಕಗಳು. ನಡುನಡುವೆ ಸದಸ್ಯತ್ವ ಸಂಖ್ಯೆ, ತಾರೀಖು, ಮೊತ್ತ ಮಾತ್ರ ಅಚ್ಚುಕಟ್ಟಾಗಿ ಬಂದಿದ್ದವು. "ಏನಪ್ಪಾ, ರಂಗೋಲಿಗೆ ಚುಕ್ಕಿ ಇಟ್ಟ ಹಾಗಿದೆಯಲ್ಲ" ಎಂದರು.

ತಪ್ಪು ನನ್ನದೇ. ನಮ್ಮೂರು ಮಲೆನಾಡಿನ ಸಣ್ಣ ಪಟ್ಟಣ. ಅಲ್ಲಿನ ಪತ್ತಿನ ಸಹಕಾರ ಸಂಘದಲ್ಲಿ ಅಪ್ಪನೂ ಒಬ್ಬ ಸದಸ್ಯ. ಪ್ರತಿವರ್ಷ ವಾರ್ಷಿಕ ಮಹಾಸಭೆಗೆ ಮೊದಲು ಪ್ರತಿಯೊಬ್ಬ ಸದಸ್ಯರಿಗೂ ಒಂದು ನೋಟೀಸು ಹೋಗಬೇಕು. ಸಭೆಯ ದಿನ, ವೇಳೆ, ಕಾರ್ಯಸೂಚಿ, ಕೆಳಗೆ ಆ ಸದಸ್ಯರ ಷೇರು, ಠೇವಣಿ, ಸಾಲದ ಬಾಕಿ. ಇಷ್ಟು ವರ್ಷ ನೋಟೀಸನ್ನು ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿ, ಹೆಸರು ಮತ್ತು ಅಂಕಿಗಳನ್ನು ಇಬ್ಬರು ಗುಮಾಸ್ತರು ಮೂರು ವಾರ ಕೂತು ಕೈಯಲ್ಲಿ ತುಂಬುತ್ತಿದ್ದರು. ಸದಸ್ಯರು 3,800ಕ್ಕೂ ಹೆಚ್ಚು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುವ ನಾನು ರಜೆಗೆಂದು ಊರಿಗೆ ಹೋದಾಗ ಇದನ್ನು ಕೇಳಿ, "ಇದೇನು ಮಹಾ, ಒಂದು ಭಾನುವಾರದ ಕೆಲಸ" ಎಂದುಬಿಟ್ಟೆ. ಅಪ್ಪ ಆ ಮಾತನ್ನು ಮರುದಿನವೇ ಸಂಘಕ್ಕೆ ತಲುಪಿಸಿದ್ದರು. ಆ ಭಾನುವಾರ ಏಳು ಭಾನುವಾರಗಳಾದವು.

ಚೌಕಗಳಿಗೆ ಕಾರಣ ಸುಲಭದ್ದು. ಕಚೇರಿಯಲ್ಲಿ ಇಂಗ್ಲಿಷ್ ಬಿಲ್ಲುಗಳನ್ನು ಪಿಡಿಎಫ್ ಮಾಡಲು ಬಳಸುವ ಲೈಬ್ರರಿಯನ್ನೇ (ಸಿದ್ಧ ಕೋಡಿನ ಕಟ್ಟು) ಇಲ್ಲಿಗೂ ತಂದಿದ್ದೆ. ಫಾಂಟ್ ಯಾವುದೆಂದು ಹೇಳದಿದ್ದರೆ ಅದು ಹೆಲ್ವೆಟಿಕಾವನ್ನು ಹಿಡಿಯುತ್ತದೆ. ಪಿಡಿಎಫ್ ಮಾನದಂಡದಲ್ಲಿ ಎಲ್ಲ ತಂತ್ರಾಂಶಗಳಿಗೂ ಗೊತ್ತಿರಬೇಕಾದ 14 ಫಾಂಟ್‌ಗಳೆಂದು ಒಂದು ಪಟ್ಟಿಯಿದೆ, ಹೆಲ್ವೆಟಿಕಾ ಅದರಲ್ಲೊಂದು. ಆ ಹದಿನಾಲ್ಕರಲ್ಲಿ ಒಂದಕ್ಕೂ ಕನ್ನಡ ಗೊತ್ತಿಲ್ಲ. ಗೊತ್ತಿಲ್ಲದ ಅಕ್ಷರ ಎದುರಾದರೆ ತೋರಿಸಲು ಎಲ್ಲ ಫಾಂಟ್‌ಗಳಲ್ಲೂ ಸೊನ್ನೆಯ ಸ್ಥಾನದಲ್ಲಿ ಒಂದು ಆಕೃತಿ ಇರುತ್ತದೆ, ಸಾಮಾನ್ಯವಾಗಿ ಚೌಕ. ಈ ಚೌಕಗಳನ್ನು ಲೋಕವೆಲ್ಲ ತೋಫು, ಅಂದರೆ ಸೋಯಾ ಪನೀರು, ಎಂದು ಕರೆಯುತ್ತದೆ. ಎಲ್ಲ ಲಿಪಿಗಳಿಗೂ ಫಾಂಟ್ ಒದಗಿಸಹೊರಟ ಗೂಗಲ್‌ನ ನೋಟೋ ಯೋಜನೆಯ ಹೆಸರಿಗೂ ಇದೇ ಮೂಲ, 'ತೋಫು ಬೇಡ' ಎಂದು ಅರ್ಥ. ನಾನು ನೋಟೋ ಸಾನ್ಸ್ ಕನ್ನಡವನ್ನು ಇಳಿಸಿಕೊಂಡು, ಎರಡು ಸಾಲು ಸೇರಿಸಿ, ಮತ್ತೆ ಮುದ್ರಿಸಿದೆ.

ಈ ಬಾರಿ ಕನ್ನಡವೇ ಬಂತು. ಕಾರ್ಯದರ್ಶಿಗಳ ಮುಖ ಮಾತ್ರ ಮೊದಲಿಗಿಂತ ಗಂಭೀರವಾಯಿತು. ಅವರು ಮೊದಲು ನೋಡಿದ್ದು ಕೆಳಗೆ ಬಲಮೂಲೆಯ ತಮ್ಮ ಹುದ್ದೆಯನ್ನು. ಅಲ್ಲಿ 'ಕಾರ್‌ಯದರ್‌ಶಿ' ಎಂದಿತ್ತು, ಅದೂ ಇಷ್ಟು ನೆಟ್ಟಗೆ ಅಲ್ಲ. ರ ತನ್ನ ತಲೆಕಟ್ಟನ್ನು ಹೊತ್ತೇ ನಿಂತಿತ್ತು, ಅದರ ಪಕ್ಕದಲ್ಲಿ ಯಾರಿಗೂ ಸೇರದ ಒಂಟಿ ಕೊಕ್ಕೆ. ಕೊನೆಯಲ್ಲಿ ಶ, ಅದರಿಂದ ಒಂದು ಎಳ್ಳಿನಷ್ಟು ದೂರದಲ್ಲಿ ಗುಡಿಸು. ಒಂದನೇ ತರಗತಿಯ ಮಗು ಕಾಗುಣಿತವನ್ನು ಬಿಡಿಸಿ ಓದುವಾಗ 'ಶಕ್ಕೆ ಗುಡಿಸು' ಎಂದು ನಿಲ್ಲಿಸಿ, 'ಶಿ' ಎನ್ನುವುದನ್ನು ಮರೆತ ಹಾಗೆ. "ಚೌಕವಾದರೆ ಮಿಷನ್ ಕೆಟ್ಟಿದೆ ಎನ್ನಬಹುದು. ಇದನ್ನು ಕಳಿಸಿದರೆ ಸಂಘಕ್ಕೆ ಕನ್ನಡ ಬರುವುದಿಲ್ಲ ಎನ್ನುತ್ತಾರೆ" ಎಂದರು ಅವರು. ಸರಿಯಾದ ಮಾತು.

ಇಷ್ಟು ವರ್ಷ ಕನ್ನಡವನ್ನು ಮೊಬೈಲಿನಲ್ಲಿ ಓದುತ್ತ, ಬರೆಯುತ್ತ ಇದ್ದವನಿಗೆ ಅಕ್ಷರ ಕೂಡಿಕೊಳ್ಳುವುದು ಒಂದು ಕೆಲಸ ಎಂಬುದೇ ಹೊಳೆದಿರಲಿಲ್ಲ. ಫಾಂಟ್ ಇದ್ದರೆ ಕನ್ನಡ ಇದೆ ಎಂದುಕೊಂಡಿದ್ದೆ. ನನ್ನ ಕಣ್ಣು ತೆರೆಸಿದವರು ಬಸ್ ನಿಲ್ದಾಣದ ಎದುರಿನ ಡಿಟಿಪಿ ಅಂಗಡಿಯ ಹಿರಿಯರು. ಲಗ್ನಪತ್ರಿಕೆ, ಕರಪತ್ರ, ರಬ್ಬರ್ ಸ್ಟಾಂಪು ಎಲ್ಲಕ್ಕೂ ಊರು ಹೋಗುವುದು ಅವರಲ್ಲಿಗೇ. ಕಂಪ್ಯೂಟರ್ ಬರುವ ಮೊದಲು ಅವರು ಅದೇ ಜಾಗದ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ನನ್ನ ಹಾಳೆಯನ್ನು ನೋಡಿದವರೇ ನಕ್ಕರು. "ಕೇಸಿನಲ್ಲಿ ಮೊಳೆ ಎಲ್ಲ ಇದೆ, ಜೋಡಿಸುವವನು ಇಲ್ಲ. ನಮ್ಮಲ್ಲಿ ಶ ಬೇರೆ ಮನೆಯಲ್ಲಿರುತ್ತಿತ್ತು, ಶಿ ಬೇರೆ ಮನೆಯಲ್ಲಿ. ಒತ್ತುಗಳದ್ದೇ ಇನ್ನೊಂದು ಸಾಲು. ಹಸ್ತಪ್ರತಿಯಲ್ಲಿ ಶಿ ಎಂದಿದ್ದರೆ ನಾನು ಶ ತೆಗೆದುಕೊಂಡು ಅದಕ್ಕೆ ಗುಡಿಸು ಅಂಟಿಸುತ್ತಿರಲಿಲ್ಲ, ಶಿಯನ್ನೇ ತೆಗೆಯುತ್ತಿದ್ದೆ. ನಿನ್ನ ಮಿಷನ್‌ಗೆ ಯಾವ ಮನೆಗೆ ಕೈ ಹಾಕಬೇಕೆಂದು ಗೊತ್ತಿಲ್ಲ."

ಅವರು ಹೇಳಿದ್ದು ಅಕ್ಷರಶಃ ನಿಜವೆಂದು ಆ ರಾತ್ರಿ ಗೊತ್ತಾಯಿತು. ಲೋಕದ ಲಿಪಿಗಳ ಗುರುತುಗಳಿಗೆ ಸಂಖ್ಯೆ ಕೊಡುವ ಪಟ್ಟಿಗೆ ಯೂನಿಕೋಡ್ ಎಂದು ಹೆಸರು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಕೊಟ್ಟಿರುವುದು 3200ರಿಂದ 3327ರವರೆಗೆ 128 ಸ್ಥಾನಗಳು, ಅವುಗಳಲ್ಲೂ ಕೆಲವು ಖಾಲಿ. ಇಷ್ಟರಲ್ಲೇ ಇಡೀ ಕನ್ನಡ ಬರೆಯಬಹುದು, ಏಕೆಂದರೆ ಅಲ್ಲಿ ಇಡುವುದು ಅಕ್ಷರದ ರೂಪವನ್ನಲ್ಲ, ಉಚ್ಚಾರದ ಕ್ರಮವನ್ನು. 'ಕಾರ್ಯದರ್ಶಿ' ಎಂಬುದು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಕಂಪ್ಯೂಟರಿನ ಒಳಗೆ ಅದು ಹತ್ತು ಸಂಕೇತ: ಕ, ಇಳಿ, ರ, ವಿರಾಮ (ಅಕ್ಷರದ ಸ್ವರವನ್ನು ತೆಗೆಯುವ ಗುರುತು), ಯ, ದ, ರ, ವಿರಾಮ, ಶ, ಗುಡಿಸು. ಇತ್ತ ಫಾಂಟ್‌ನಲ್ಲಿ ಇರುವುದು ರೂಪಗಳು, ಅಂದರೆ ಗ್ಲಿಫ್‌ಗಳು. ಒಂದು ಒಳ್ಳೆಯ ಕನ್ನಡ ಫಾಂಟ್‌ನಲ್ಲಿ ಅವು ಕೆಲವು ನೂರು ಇರುತ್ತವೆ. ತಲೆಕಟ್ಟಿರುವ ಶ, ತಲೆಕಟ್ಟಿಲ್ಲದ ಶ, ಗುಡಿಸನ್ನು ಮೈಗೂಡಿಸಿಕೊಂಡ ಶಿ, ಕೆಳಗೆ ಕೂರುವ ಒತ್ತು ಶ, ಹೀಗೆ. ಯಾವ ಸಂಕೇತಗಳು ಒಟ್ಟಿಗೆ ಬಂದರೆ ಯಾವ ಗ್ಲಿಫ್ ಎತ್ತಿಕೊಳ್ಳಬೇಕೆಂಬ ನಿಯಮಗಳೂ ಫಾಂಟ್ ಕಡತದಲ್ಲೇ ಕೋಷ್ಟಕವಾಗಿ ಇರುತ್ತವೆ. ಆದರೆ ಆ ಕೋಷ್ಟಕವನ್ನು ಓದುವವರು ಬೇಕಲ್ಲ! ನನ್ನ ಲೈಬ್ರರಿ ಓದುತ್ತಿರಲಿಲ್ಲ. ಹತ್ತು ಸಂಕೇತಕ್ಕೆ ಹತ್ತು ಗ್ಲಿಫ್ ಎತ್ತಿ ಸಾಲಾಗಿ ಇಟ್ಟು ಕೈತೊಳೆದುಕೊಳ್ಳುತ್ತಿತ್ತು. ಇಂಗ್ಲಿಷಿಗೆ ಅಷ್ಟು ಸಾಕು.

ಓದುವ ಯಂತ್ರದ ಹೆಸರು ಹಾರ್ಫ್‌ಬಜ್. ಪರ್ಷಿಯನ್ ಭಾಷೆಯಲ್ಲಿ 'ತೆರೆದ ಅಕ್ಷರ' ಎಂಬಂಥ ಅರ್ಥ, ಓಪನ್‌ಟೈಪ್ ಎಂಬ ಫಾಂಟ್ ಮಾನದಂಡದ ಹೆಸರಿನ ಅನುವಾದ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರೊಳಗೂ ಇದೇ ಕೂತಿದೆ. ಮೊಬೈಲಿನಲ್ಲಿ ಕನ್ನಡ ತಾನಾಗಿಯೇ ಸರಿಯಾಗಿ ಕಾಣುತ್ತದೆ ಎಂದು ನಾನು ತಿಳಿದಿದ್ದು ಈ ತೆರೆಮರೆಯ ಮೊಳೆ ಜೋಡಿಸುವವನ ಕೆಲಸ. ಅದಕ್ಕೆ ಒಂದು ಪದ ಕೊಟ್ಟು, ಯಾವ ಗ್ಲಿಫ್ ಎಲ್ಲಿ ಇಟ್ಟೆ ಎಂದು ಕೇಳುವ ಪುಟ್ಟ ಉಪಕರಣವೂ ಇದೆ. 'ದರ್ಶಿ'ಯನ್ನು ಕೊಟ್ಟು ನೋಡಿದೆ. ಯಂತ್ರ ಮೊದಲು ಪದವನ್ನು ಅಕ್ಷರಗಳಾಗಿ ಕತ್ತರಿಸುತ್ತದೆ: ದ ಒಂದು, ರ್ಶಿ ಇನ್ನೊಂದು. ಎರಡನೆಯದರ ಮೊದಲಲ್ಲಿ ರ ಮತ್ತು ವಿರಾಮ ಇರುವುದನ್ನು ಗಮನಿಸಿ, ಆ ಎರಡನ್ನೂ ಸೇರಿಸಿ ಅರ್ಕಾವೊತ್ತಿನ ಒಂದೇ ಗ್ಲಿಫ್ ಮಾಡುತ್ತದೆ. ಅದನ್ನು ಮುಂದಿನಿಂದ ಎತ್ತಿ ಅಕ್ಷರದ ಹಿಂದಕ್ಕೆ ಒಯ್ಯುತ್ತದೆ. ಶ ಮತ್ತು ಗುಡಿಸು ಸೇರಿ ಶಿ ಆಗುತ್ತದೆ. ಕೊನೆಗೆ ಉಳಿಯುವುದು ಶಿ, ಆಮೇಲೆ ಅರ್ಕಾವೊತ್ತು. ನಾವು ಕೈಯಲ್ಲಿ ಬರೆಯುವುದೂ ಹಾಗೆಯೇ ತಾನೆ? ಬಾಯಲ್ಲಿ ರ್ ಮೊದಲು ಬಂದರೂ ಕೈ ಶಿ ಬರೆದು ಮುಗಿಸಿ ಆಮೇಲೆ ಅರ್ಕಾವೊತ್ತನ್ನು ಹಾಕುತ್ತದೆ. ಈ ಒಂದು ಅಕ್ಷರ ಮುಂದಿನ ಐದು ಭಾನುವಾರ ನನ್ನನ್ನು ಎಷ್ಟು ಸತಾಯಿಸಿತೆಂದರೆ, ಕನಸಿನಲ್ಲೂ ಅದು ಎಲ್ಲರ ಹಿಂದೆ ನಿಲ್ಲುತ್ತಿತ್ತು.

ಹಳೆಯ ಲೈಬ್ರರಿಯನ್ನು ಬಿಟ್ಟೆ. ನೋಟೀಸನ್ನು ವೆಬ್ ಪುಟದ ಹಾಗೆ ಬರೆದು, ಅದನ್ನು ಪಿಡಿಎಫ್ ಮಾಡುವ ವೀಸಿಪ್ರಿಂಟ್ ಎಂಬ ಪೈಥಾನ್ ಲೈಬ್ರರಿಗೆ ಬಂದೆ. ಅದು ಪ್ಯಾಂಗೋ ಎಂಬ ಇನ್ನೊಂದು ಲೈಬ್ರರಿಯ ಮೂಲಕ ಹಾರ್ಫ್‌ಬಜ್‌ನ್ನು ಬಳಸುತ್ತದೆ. ಸಂಘದ ವಿಂಡೋಸ್ ಕಂಪ್ಯೂಟರಿನಲ್ಲಿ ಅದನ್ನು ಕೂರಿಸಿದ ಕಥೆಯನ್ನು ಇಲ್ಲಿ ಹೇಳುವುದಿಲ್ಲ, ಅದರಲ್ಲಿ ಒಂದು ಶನಿವಾರ ಹೋಯಿತು ಎಂದರೆ ಸಾಕು. ಕಾರ್ಯದರ್ಶಿ ಕಾರ್ಯದರ್ಶಿಯಾಗಿಯೇ ಅಚ್ಚಾದರು. ಚಹಾ ಬಂತು.

ಚಹಾ ಆರುವ ಮೊದಲೇ ಮುಂದಿನ ತೊಂದರೆ ಕಂಡಿತು. ನನ್ನ ಲ್ಯಾಪ್‌ಟಾಪಿನಲ್ಲಿ ಒಂದೇ ಪುಟಕ್ಕೆ ಹಿಡಿಸಿದ್ದ ನೋಟೀಸು ಸಂಘದ ಕಂಪ್ಯೂಟರಿನಲ್ಲಿ ಎರಡು ಪುಟವಾಗಿತ್ತು. ಎರಡನೆಯ ಪುಟದಲ್ಲಿ ಸಹಿಯ ಗೆರೆ ಮಾತ್ರ. ಪುಟದಲ್ಲಿ ಫಾಂಟಿನ ಹೆಸರನ್ನಷ್ಟೇ ಬರೆದಿದ್ದೆ, ಕಡತವನ್ನು ಜೊತೆಗೆ ಇಟ್ಟಿರಲಿಲ್ಲ. ಹೆಸರಿನ ಫಾಂಟ್ ಸಿಗದಿದ್ದರೆ ವ್ಯವಸ್ಥೆ ಯಾರಿಗೂ ಹೇಳದೆ ಕೇಳದೆ ಇನ್ನೊಂದನ್ನು ಹಿಡಿದುಕೊಳ್ಳುತ್ತದೆ. ಅಲ್ಲಿ ಹಿಡಿದದ್ದು ವಿಂಡೋಸ್ ಜೊತೆ ಬರುವ ಫಾಂಟನ್ನು. ಅದರ ಅಕ್ಷರಗಳ ಅಗಲ ಬೇರೆ, ಸಾಲಿನ ಎತ್ತರ ಬೇರೆ. ತಪ್ಪು ಸಂದೇಶ ಬಂದಿದ್ದರೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು. ಇದು ನಯವಿನಯದಿಂದ ಮಾಡಿದ ಮೋಸ. ಅಂದಿನಿಂದ ಫಾಂಟ್ ಕಡತ ಕೋಡಿನ ಜೊತೆಯಲ್ಲೇ ಇರುತ್ತದೆ, ನೋಟೋ ಮುಕ್ತ ಪರವಾನಗಿಯಲ್ಲಿ ಇರುವುದರಿಂದ ಅದಕ್ಕೆ ಅಡ್ಡಿಯಿಲ್ಲ. ಪಿಡಿಎಫ್ ಆದ ಮೇಲೆ ಅದರೊಳಗೆ ಯಾವ ಫಾಂಟ್ ಅಡಗಿದೆ ಎಂದು ಪರೀಕ್ಷಿಸುವ ಸಾಲೊಂದನ್ನೂ ಸೇರಿಸಿದೆ. ಇಡೀ ಫಾಂಟ್ ಒಳಗೆ ಹೋಗುವುದಿಲ್ಲ, ಆ ಪುಟದಲ್ಲಿ ಬಳಸಿದ ಗ್ಲಿಫ್‌ಗಳು ಮಾತ್ರ ಹೋಗುತ್ತವೆ. ಕಡತ ಹಗುರವಾಗಿರುತ್ತದೆ.

ಇಷ್ಟು ಹೊತ್ತು ನಾನು ಹತ್ತು ಹೆಸರುಗಳನ್ನು ನಾನೇ ಟೈಪು ಮಾಡಿಕೊಂಡು ಆಟವಾಡುತ್ತಿದ್ದೆ. ಮೂರನೆಯ ಭಾನುವಾರ ಗುಮಾಸ್ತರು ನಿಜವಾದ ಸದಸ್ಯರ ಪಟ್ಟಿಯನ್ನು ಪೆನ್‌ಡ್ರೈವಿನಲ್ಲಿ ತಂದುಕೊಟ್ಟರು. ಎಕ್ಸೆಲ್ ಕಡತ. ತೆರೆದರೆ ಎಲ್ಲ ಹೆಸರುಗಳೂ ಚೆಂದದ ಕನ್ನಡದಲ್ಲಿವೆ. ಪೈಥಾನ್‌ನಲ್ಲಿ ಓದಿದರೆ ಮುಕ್ಕಾಲು ಪಾಲು ಹೆಸರುಗಳು ಯಾವುದೋ ಯುರೋಪಿನ ಭಾಷೆಯಲ್ಲಿವೆ.

ಸಂಘಕ್ಕೆ ಕಂಪ್ಯೂಟರ್ ಬಂದಾಗ ಪಟ್ಟಿಯನ್ನು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪು ಮಾಡಿದ್ದರು. ಯೂನಿಕೋಡ್ ಎಲ್ಲ ಕಡೆ ಹಬ್ಬುವ ಮುನ್ನ ಕರ್ನಾಟಕದ ಕಚೇರಿಗಳು ನಡೆದದ್ದೇ ನುಡಿ, ಬರಹ ಎಂಬ ತಂತ್ರಾಂಶಗಳ ಮೇಲೆ. ಆ ಹಳೆಯ ಪದ್ಧತಿಯ ಜಾಣತನ ನೋಡಿ: ಕಂಪ್ಯೂಟರಿಗೆ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು ಮಾತ್ರ ಗೊತ್ತಿದ್ದವು. ಸರಿ, ಅವುಗಳ ವೇಷದಲ್ಲೇ ಕನ್ನಡವನ್ನು ಕೂರಿಸಿದರು. ಇಂಗ್ಲಿಷಿನ ದೊಡ್ಡ ಪಿ ಇರಬೇಕಾದ ಸ್ಥಾನದಲ್ಲಿ ಕ ಅಕ್ಷರದ ಒಡಲು. ಅದರ ಪಕ್ಕದಲ್ಲಿ, ತಲೆಯ ಮೇಲೆ ಓರೆ ಗೀರಿರುವ ಎ ಸ್ಥಾನದಲ್ಲಿ ತಲೆಕಟ್ಟು. ಎರಡೂ ಸೇರಿದರೆ ಕ. ಬ್ರಿಟಿಷ್ ಪೌಂಡಿನ ಚಿಹ್ನೆಯ ಜಾಗದಲ್ಲಿ ನ, ಜರ್ಮನ್ನರ ಜೋಡಿ ಎಸ್ ಅಕ್ಷರದ ಜಾಗದಲ್ಲಿ ಒತ್ತು ನ. ಹಾಗಾಗಿ 'ಕನ್ನಡ' ಎಂಬ ಪದದ ನಡುವೆ ಒಂದು ಪೌಂಡ್, ಒಂದು ಜರ್ಮನ್ ಅಕ್ಷರ. ನುಡಿ ಫಾಂಟ್ ಹಾಕಿದರೆ ಕನ್ನಡ, ತೆಗೆದರೆ ಕಲಸುಮೇಲೋಗರ. ಮೊಳೆ ಜೋಡಿಸುವ ಕೆಲಸವನ್ನು ಇಲ್ಲಿ ಬೆರಳೂ ಕೀಲಿಮಣೆಯ ತಂತ್ರಾಂಶವೂ ಟೈಪಿಸುವಾಗಲೇ ಮುಗಿಸಿರುತ್ತಿದ್ದವು. ಕಡತದಲ್ಲಿ ಉಳಿದದ್ದು ಜೋಡಿಸಿದ ಮೊಳೆ, ಉಚ್ಚಾರದ ಕ್ರಮ ಅಲ್ಲ.

ಮೊದಲ ಪ್ರಶ್ನೆ, ಯಾವ ಕೋಶ ನುಡಿಯದು, ಯಾವುದು ಯೂನಿಕೋಡಿನದು, ಯಾವುದು ನಿಜವಾಗಿಯೂ ಇಂಗ್ಲಿಷ್? 3200ರಿಂದ 3327ರ ನಡುವಿನ ಒಂದು ಸಂಕೇತವಾದರೂ ಇದ್ದರೆ ಯೂನಿಕೋಡ್ ಎನ್ನುವುದು ಸುಲಭ. ಉಳಿದವುಗಳಲ್ಲಿ ಇಂಗ್ಲಿಷ್ ಇನಿಷಿಯಲ್‌ಗಳು ಬೆರೆತಿದ್ದವು. ಅಕ್ಷರ ನೋಡಿ ಹೇಳಲಾಗದ್ದನ್ನು ಕೋಶದ ಫಾಂಟಿನ ಹೆಸರು ಹೇಳಿತು. ಎಕ್ಸೆಲ್ ಪ್ರತಿ ಕೋಶಕ್ಕೂ ಫಾಂಟಿನ ಹೆಸರನ್ನು ನೆನಪಿಟ್ಟುಕೊಳ್ಳುತ್ತದೆ, ಅದನ್ನು ಕೋಡಿನಲ್ಲಿ ಓದಬಹುದು. ಅಲಂಕಾರಕ್ಕೆಂದು ತಿಳಿದಿದ್ದ ಮಾಹಿತಿಯೇ ಇಲ್ಲಿ ಸಾಕ್ಷಿಯಾಯಿತು. ನಿಮ್ಮಲ್ಲಿ ಯಾರಿಗಾದರೂ ಇಂಥ ಪಟ್ಟಿ ಸಿಕ್ಕಿದರೆ ಅದನ್ನು ಸಿಎಸ್‌ವಿ (ಬರಿಯ ಪಠ್ಯದ ಕಡತ) ಮಾಡುವ ಮೊದಲು ಎರಡು ಬಾರಿ ಯೋಚಿಸಿ. ಸಿಎಸ್‌ವಿ ಆದ ಕ್ಷಣ ಆ ಸಾಕ್ಷಿ ನಾಶವಾಗುತ್ತದೆ.

ಎರಡನೆಯದು ಪರಿವರ್ತನೆ. ನಾನೇ ಒಂದು ಕೋಷ್ಟಕ ಮಾಡಿ, ಈ ಗುರುತಿಗೆ ಈ ಸಂಕೇತ ಎಂದು ಬದಲಾಯಿಸುತ್ತ ಹೋದೆ. ಪಟ್ಟಿಯ ಮೊದಲ ಸಾಲಿನಲ್ಲೇ ರಾಜ್ಯದ ಹೆಸರು ಹೀಗೆ ಬಂತು: 'ಕನಾರ್ಟಕ'. ಬೇರೆ ಯಾರಾದರೂ ಬರೆದಿದ್ದರೆ ಕಾಗುಣಿತ ಬಾರದವನು ಎನ್ನುತ್ತಿದ್ದೆ. ನುಡಿ ಕಡತದಲ್ಲಿ ನಾ ಮೊದಲು, ಅರ್ಕಾವೊತ್ತು ಆಮೇಲೆ, ಕೈಯಲ್ಲಿ ಬರೆದ ಕ್ರಮದಲ್ಲೇ ಕೂತಿದೆ. ನಾನು ಅದನ್ನು ಅಲ್ಲಿಯೇ ರ ಮತ್ತು ವಿರಾಮವಾಗಿಸಿದೆ. ಯಂತ್ರ ನಿಯತ್ತಾಗಿ ಅದನ್ನು ಮುಂದಿನ ಟಕ್ಕೆ ಅಂಟಿಸಿತು. ಈ 'ಕನಾರ್ಟಕ' ಅಂತರ್ಜಾಲದ ತುಂಬ, ಎಷ್ಟೋ ಕಡತಗಳಲ್ಲಿ, ಸುದ್ದಿಗಳಲ್ಲಿ ಏಕೆ ಕಾಣುತ್ತದೆಂದು ನನಗೆ ಅಂದು ಗೊತ್ತಾಯಿತು. ಅದು ಬರೆದವರ ತಪ್ಪಲ್ಲ, ನನ್ನಂಥವರು ಅವಸರದಲ್ಲಿ ಬರೆದ ಪರಿವರ್ತಕಗಳ ತಪ್ಪು. ಅರ್ಕಾವೊತ್ತು ಸಿಕ್ಕಿದಾಗ ಹಿಂದಕ್ಕೆ ನಡೆದು, ಸ್ವರಚಿಹ್ನೆಯನ್ನೂ ಒತ್ತುಗಳನ್ನೂ ದಾಟಿ, ಅಕ್ಷರದ ತಲೆಬಾಗಿಲಿಗೆ ಅದನ್ನು ಒಯ್ದು ಇಡಬೇಕು. ಹಾರ್ಫ್‌ಬಜ್ ಮಾಡುವುದರ ತಲೆಕೆಳಗು ಕೆಲಸ. ಹನ್ನೆರಡು ಸಾಲಿನ ಕೋಡು, ಎರಡು ಸಂಜೆ.

ಯೂನಿಕೋಡ್‌ನಲ್ಲೇ ಇದ್ದ ಕಾಲು ಭಾಗ ಹೆಸರುಗಳಾದರೂ ಸುಸೂತ್ರ ಎಂದುಕೊಂಡಿದ್ದೆ. 'ಗಂಗಮ್ಮ' ಎಂದು ಹುಡುಕಿದರೆ ಕಣ್ಣೆದುರಿಗೇ ಇರುವ ಗಂಗಮ್ಮ ಸಿಗುತ್ತಿರಲಿಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಸಂಕೇತ ಸಂಖ್ಯೆಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಅನುಸ್ವಾರದ ಸಂಖ್ಯೆ 3202. ಅಲ್ಲಿದ್ದದ್ದು 3302. ಸರಿಯಾಗಿ ನೂರರ ವ್ಯತ್ಯಾಸ. 3302 ಎಂದರೆ ಕನ್ನಡ ಅಂಕಿ ಸೊನ್ನೆ. ಟೈಪು ಮಾಡಿದ ಗುಮಾಸ್ತರನ್ನು ಕೇಳಿದೆ. "ಗಕ್ಕೆ ಸೊನ್ನೆ ಗಂ ಅಲ್ಲವೇ? ಸೊನ್ನೆಯನ್ನೇ ಹಾಕಿದ್ದೇನೆ" ಎಂದರು ಅವರು. ಏನು ಹೇಳುವುದು! ಅನುಸ್ವಾರವನ್ನು ಸೊನ್ನೆ ಎಂದು ಕಲಿಸಿದ್ದು ನಾವೇ. ಬಹಳ ಫಾಂಟ್‌ಗಳಲ್ಲಿ ಎರಡೂ ಅವಳಿ ಜವಳಿ, ಅಂಕಿ ಒಂದು ಕೂದಲೆಳೆ ದೊಡ್ಡದಿರಬಹುದು. ಕಾಗದದ ಮೇಲೆ ಇಬ್ಬರೂ ಗಂಗಮ್ಮರೇ, ಕಂಪ್ಯೂಟರಿಗೆ ಮಾತ್ರ ಒಬ್ಬರ ಹೆಸರಿನ ನಡುವೆ ಲೆಕ್ಕದ ಪುಸ್ತಕ ನುಗ್ಗಿದೆ. ಅಂಕಿ ಸೊನ್ನೆಯ ಹಿಂದೆ ಇನ್ನೊಂದು ಅಂಕಿಯ ಬದಲು ಅಕ್ಷರವಿದ್ದರೆ ಅದನ್ನು ಅನುಸ್ವಾರ ಮಾಡು ಎಂಬ ನಿಯಮ ಬರೆದು ಮುಂದೆ ಹೋದೆ.

ಶುದ್ಧೀಕರಣದ ಹುಮ್ಮಸ್ಸಿನಲ್ಲಿ ಒಂದು ಎಡವಟ್ಟು ಮಾಡಿದೆ. ಹೆಸರುಗಳ ನಡುವೆ 8204, 8205 ಎಂಬ ಕಣ್ಣಿಗೆ ಕಾಣದ ಎರಡು ಸಂಕೇತಗಳು ಅಲ್ಲಲ್ಲಿ ಇದ್ದವು. ಅಗಲವಿಲ್ಲ, ರೂಪವಿಲ್ಲ. ಕಸ ಎಂದುಕೊಂಡು ಒಂದೇ ಸಾಲಿನಲ್ಲಿ ಗುಡಿಸಿಹಾಕಿದೆ. ಮುಂದಿನ ಪ್ರತಿಯಲ್ಲಿ 'ರಾಜ್‌ಕುಮಾರ್' ಎಂಬ ಸದಸ್ಯರು 'ರಾಜ್ಕುಮಾರ್' ಆಗಿದ್ದರು, ಜಕ್ಕೆ ಕ ಒತ್ತು ಜೋತುಬಿದ್ದಿತ್ತು. ಕನ್ನಡ ನಾಡಿನಲ್ಲಿ ಯಾವ ಹೆಸರನ್ನು ತಪ್ಪು ಬರೆದರೂ ಕ್ಷಮೆ ಇದ್ದೀತು, ಅದೊಂದನ್ನು ಬಿಟ್ಟು. 8204 ಎಂದರೆ 'ಇಲ್ಲಿ ಕೂಡಬೇಡಿ' ಎಂಬ ಸೂಚನೆ. ಯಾರೋ ಪುಣ್ಯಾತ್ಮರು ಅದನ್ನು ತಿಳಿದೇ ಹಾಕಿದ್ದರು. ಗುಡಿಸಿದ್ದನ್ನು ಹಳೆಯ ಕಡತದಿಂದ ವಾಪಸ್ ತಂದೆ. 8205ರ ವಿಷಯದಲ್ಲಿ ಮಾತ್ರ ಸೋಮಾರಿತನ ಮಾಡಿದೆ, ಅದನ್ನು ಆಮೇಲೆ ಹೇಳುತ್ತೇನೆ.

ನೋಟೀಸಿನ ಕೆಳಗೆ ಲೆಕ್ಕದ ಕೋಷ್ಟಕವಿತ್ತಲ್ಲ, ಅದರ ಸಾಲುಗಳ ಎತ್ತರವನ್ನು ನಾನು ಇಂಗ್ಲಿಷಿನ ಅಂದಾಜಿನಲ್ಲಿ ಇಟ್ಟಿದ್ದೆ. 'ಲಕ್ಷ್ಮಮ್ಮ' ಬಂದಾಗ ಅದರ ಫಲ ಗೊತ್ತಾಯಿತು. ಕ ಕೆಳಗೆ ಷ ಒತ್ತು, ಅದರ ಮಗ್ಗುಲಿಗೆ ಮ ಒತ್ತು, ಮುಂದಿನ ಮಕ್ಕೆ ಇನ್ನೊಂದು ಮ ಒತ್ತು. ಹೆಸರಿನ ಅರ್ಧ ಜೀವ ಸಾಲಿನ ಕೆಳಗೇ ಇದೆ. ಕೋಷ್ಟಕದ ಗೆರೆ ಒತ್ತುಗಳ ಕುತ್ತಿಗೆಗೆ ಸರಿಯಾಗಿ ಹಾದುಹೋಗಿ, ನೋಡಿದರೆ 'ಲಕಮ' ಎಂದು ಓದುವ ಹಾಗಾಗಿತ್ತು. ನಮ್ಮೂರಿನಲ್ಲಿ ಲಕ್ಷ್ಮಮ್ಮ, ಲಕ್ಷ್ಮೀನಾರಾಯಣ, ಲಕ್ಷ್ಮಣರಿಗೆ ಬರವೇ? ಕೆಳಗಿನ ಅಂತರವನ್ನು ಹೆಚ್ಚಿಸಿದೆ, ಒಂದು ಪುಟಕ್ಕೆ ಹಿಡಿಸಲು ಕಾರ್ಯಸೂಚಿಯ ಅಕ್ಷರವನ್ನು ಕಿರಿದು ಮಾಡಿದೆ. ಹನ್ನೊಂದನೆಯ ವಿಷಯ 'ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು' ಎಂಬುದನ್ನು ತೆಗೆದರೆ ಜಾಗ ಸಿಗುತ್ತದೆ ಎಂದು ಸಲಹೆ ಕೊಟ್ಟೆ. ಯಾರೂ ಒಪ್ಪಲಿಲ್ಲ.

ಇನ್ನೊಂದು ಚೌಕ ಕೊನೆಯವರೆಗೂ ಉಳಿದಿತ್ತು. ಸಂಘದ ಹೆಸರಿಗೂ ಒಟ್ಟು ಮೊತ್ತದ ಸಾಲಿಗೂ ಹಳೆಯ ಅಲಂಕಾರಿಕ ಫಾಂಟೇ ಬೇಕೆಂದು ಆಡಳಿತ ಮಂಡಳಿಯ ಹಟ. ಹಾಕಿದೆ. ಮೊತ್ತದ ಮುಂದೆ ರೂಪಾಯಿ ಚಿಹ್ನೆಯ ಬದಲು ಚೌಕ. ₹ ಚಿಹ್ನೆಯನ್ನು ಭಾರತ ಸರ್ಕಾರ ಒಪ್ಪಿದ್ದು 2010ರಲ್ಲಿ, ಯೂನಿಕೋಡ್ ಅದಕ್ಕೆ 8377 ಎಂಬ ಸ್ಥಾನ ಕೊಟ್ಟಿದ್ದೂ ಅದೇ ವರ್ಷ. ಅದಕ್ಕೂ ಮೊದಲು ಹುಟ್ಟಿದ ಫಾಂಟಿಗೆ ಆ ಚಿಹ್ನೆ ಎಲ್ಲಿಂದ ಬರಬೇಕು? ಆ ಸಾಲಿನಲ್ಲಿ 'ರೂ.' ಎಂದು ಬರೆದು ಬಗೆಹರಿಸಿದೆ. ಹಿರಿಯ ನಿರ್ದೇಶಕರೊಬ್ಬರಿಗೆ ಅದೇ ಹೆಚ್ಚು ಇಷ್ಟವಾಯಿತು.

3,800 ಹಾಳೆಗಳನ್ನು ಕಣ್ಣಲ್ಲಿ ನೋಡಲಾಗುವುದಿಲ್ಲ. ಹಾಗಾಗಿ ಪ್ರತಿ ಹೆಸರನ್ನೂ ಹಾರ್ಫ್‌ಬಜ್‌ಗೆ ಕೊಟ್ಟು, ಬಂದ ಗ್ಲಿಫ್‌ಗಳಲ್ಲಿ ಸೊನ್ನೆಯ ಸ್ಥಾನದ್ದು ಇದೆಯೇ ಎಂದು ನೋಡುವ ಪುಟ್ಟ ಕಾವಲುಗಾರನನ್ನು ಬರೆದೆ. ಅದಕ್ಕೆ ಚುಕ್ಕಿಗಳ ವೃತ್ತವನ್ನೂ ಹುಡುಕಲು ಹೇಳಿದೆ. ಆಸರೆಯಿಲ್ಲದ ಸ್ವರಚಿಹ್ನೆಯೋ ಒತ್ತೋ ಎದುರಾದರೆ ಯಂತ್ರ ಆ ವೃತ್ತವನ್ನು ತಂದು ಅದಕ್ಕೆ ಚಿಹ್ನೆಯನ್ನು ತೂಗುಹಾಕುತ್ತದೆ. ಮೊಬೈಲಿನಲ್ಲಿ ನೀವೂ ನೋಡಿರುತ್ತೀರಿ. ಕಾವಲುಗಾರ ಮೊದಲ ದಿನವೇ 61 ಹೆಸರುಗಳನ್ನು ಹಿಡಿದುಕೊಟ್ಟ. ಹೆಚ್ಚಿನವು ಅಕ್ಷರಕ್ಕೂ ಕೊಂಬಿಗೂ ನಡುವೆ ಬೆರಳು ತಪ್ಪಿ ಬಿದ್ದ ಖಾಲಿ ಜಾಗಗಳು. ಇವಲ್ಲದೆ ಬೇರೆ ಕೆಲವು ಹೆಸರುಗಳನ್ನು ಯಾವುದೋ ಹಳೆಯ ತಂತ್ರಾಂಶ ಇಷ್ಟೇ ಉದ್ದ ಎಂದು ಕತ್ತರಿಸಿತ್ತು. 'ಕೃಷ್ಣಮೂರ್ತಿ' ನಮಗೆ ನಾಲ್ಕು ಅಕ್ಷರ, ಅದರ ಲೆಕ್ಕದಲ್ಲಿ ಹನ್ನೊಂದು. ಮುಂದೆ ಊರಿನ ಹೆಸರು, ಇನಿಷಿಯಲ್ ಸೇರಿದರೆ ಮಿತಿ ಮುಗಿದು, 'ಕೃಷ್ಣಮೂರ್' ಎಂದು ನಿಂತಿತ್ತು. ಇಂಥವನ್ನು ಯಂತ್ರ ತಪ್ಪೆನ್ನುವುದಿಲ್ಲ, ಅದು ಕಾವಲುಗಾರನಿಗೂ ಸಿಗಲಿಲ್ಲ. ಗುಮಾಸ್ತರು ಲೆಡ್ಜರ್ ತೆಗೆದು ಕೈಯಲ್ಲೇ ಸರಿಪಡಿಸಿದರು.

ವಾಟ್ಸ್ಆ್ಯಪ್‌ನಲ್ಲೂ ನೋಟೀಸು ಕಳಿಸೋಣ ಎಂದು ಯಾರೋ ಹೇಳಿದರು. ಕಳಿಸಿದ ಮಾದರಿಯಿಂದ ಒಬ್ಬರು ವಿಳಾಸವನ್ನು ನಕಲು ಮಾಡಿ ಅಂಟಿಸಿದರು. ಬಂದದ್ದೇನು? 'ಕನಾರ್ಟಕ'! ಕಾಗದದ ಮೇಲೆ ನೆಟ್ಟಗಿರುವ ಪದ ನಕಲಿನಲ್ಲಿ ಮತ್ತೆ ಕೆಟ್ಟಿತ್ತು. ಪಿಡಿಎಫ್‌ನಲ್ಲಿ ಉಳಿಯುವುದು ಗ್ಲಿಫ್‌ಗಳ ಸಾಲು. ಯಾವ ಗ್ಲಿಫ್ ಯಾವ ಅಕ್ಷರ ಎಂಬ ಸಣ್ಣ ನಿಘಂಟು ಜೊತೆಗಿರುತ್ತದೆ, ಆದರೆ ಆ ನಿಘಂಟಿಗೆ ಹಿಂದುಮುಂದು ಮಾಡಲು ಬರುವುದಿಲ್ಲ. ಅರ್ಕಾವೊತ್ತು ನಾ ಆದ ಮೇಲೆ ಇದೆ, ಅದನ್ನು ಅಲ್ಲಿಯೇ ರ್ ಎಂದು ಓದುತ್ತದೆ. ನುಡಿಯ ಪರಿವರ್ತಕದಲ್ಲಿ ನಾನು ಮಾಡಿದ ತಪ್ಪನ್ನೇ ಪಿಡಿಎಫ್ ಓದುಗವೂ ಮಾಡುತ್ತಿತ್ತು. 'ಈ ಗ್ಲಿಫ್‌ಗಳ ನಿಜವಾದ ಪಠ್ಯ ಇದು' ಎಂದು ಒಳಗೇ ಬರೆದಿಡುವ ಸೌಲಭ್ಯ ಪಿಡಿಎಫ್‌ನಲ್ಲಿದೆ. ಅದನ್ನು ಅಳವಡಿಸುವಷ್ಟು ಭಾನುವಾರಗಳು ನನ್ನಲ್ಲಿ ಉಳಿದಿರಲಿಲ್ಲ. "ನಕಲು ಮಾಡಬೇಡಿ, ಓದಿ" ಎಂದುಬಿಟ್ಟೆ.

ಏಳನೆಯ ಭಾನುವಾರ ಎಲ್ಲ ಸಿದ್ಧವಾಯಿತು ಎನ್ನುವಾಗ ಕಾರ್ಯದರ್ಶಿಗಳು ಹಾಳೆಯನ್ನು ಮತ್ತೆ ಟ್ಯೂಬ್‌ಲೈಟಿಗೆ ಹಿಡಿದರು. "ಎಲ್ಲ ಸರಿ. ಆದರೆ ಹೊರಗಿನ ಬೋರ್ಡ್ ನೋಡು." ಕಚೇರಿಯ ಬಾಗಿಲ ಮೇಲೆ ಎಂದೋ ಬಣ್ಣದಲ್ಲಿ ಬರೆಸಿದ ಹಲಗೆ ಇದೆ. ಅದರಲ್ಲಿ 'ಕಾರ‍್ಯಾಲಯ' ಎಂದಿದೆ. ರಕ್ಕೆ ಯ ಒತ್ತು, ಅರ್ಕಾವೊತ್ತಲ್ಲ. "ನನ್ನದೂ ಹಾಗೆಯೇ ಇರಲಿ. ಹಳೆಯ ಕ್ರಮ ಅದು, ನೋಡಲೂ ಗಂಭೀರ."

ಇದಕ್ಕೂ ಯೂನಿಕೋಡ್‌ನಲ್ಲಿ ದಾರಿಯಿದೆ. ರ ಆದ ಕೂಡಲೇ, ವಿರಾಮಕ್ಕಿಂತ ಮೊದಲು, ಕಾಣದ 8205ನ್ನು ಇಟ್ಟರೆ ಯಂತ್ರ ಅರ್ಕಾವೊತ್ತು ಮಾಡುವುದಿಲ್ಲ, ರ ಹಾಗೆಯೇ ನಿಂತು ಯ ಒತ್ತಾಗುತ್ತದೆ. 'ರ‍್ಯಾಂಕ್' ಎಂದು ಬರೆಯುವುದೂ ಹೀಗೆಯೇ. ಹಾಕಿದೆ, ಮುದ್ರಿಸಿದೆ. ಹಾಗೆಯೇ ಬಂತು, ಅರ್ಕಾವೊತ್ತಿನಲ್ಲಿ. ಮತ್ತೆ ಹಾಕಿದೆ, ಮತ್ತೆ ಅದೇ. ಫಾಂಟನ್ನು ಬೈದೆ, ಹಾರ್ಫ್‌ಬಜ್‌ನ್ನು ಸಂಶಯಿಸಿದೆ. ಒಂದು ಗಂಟೆಯಾದ ಮೇಲೆ ನನ್ನದೇ ಶುದ್ಧೀಕರಣದ ಸಾಲು ಕಣ್ಣಿಗೆ ಬಿತ್ತು. 8204ನ್ನು ಬಿಟ್ಟಿದ್ದೆ, 8205ನ್ನು ಇನ್ನೂ ಗುಡಿಸುತ್ತಲೇ ಇತ್ತು. ಆ ಸಾಲನ್ನು ಅಳಿಸಿದೆ. 'ಕಾರ‍್ಯದರ್ಶಿ' ಬಂತು. ಮೊದಲನೆಯದು ಹಳೆಯ ಕ್ರಮ, ಎರಡನೆಯದು ಅರ್ಕಾವೊತ್ತು. ದರ್ಶಿಯನ್ನೂ ಹಾಗೆ ಮಾಡಬೇಕೇ ಎಂದು ಕೇಳಿದೆ. "ಛೆ, ಅದು ಚೆನ್ನಾಗಿರುವುದಿಲ್ಲ" ಎಂದರು.

ಎರಡು ರಾತ್ರಿ ಪ್ರಿಂಟರ್ ಓಡಿತು. ಮೂರನೆಯ ದಿನ ಅವರು ಹಾಳೆಗಳ ರಾಶಿಯ ಮುಂದೆ ಕೂತು ಸಹಿ ಹಾಕುತ್ತಿದ್ದರು, ಗುಮಾಸ್ತರು ಪಕ್ಕದಲ್ಲಿ ಸಹಿಯ ಕೆಳಗೆ ಠಪ್ ಠಪ್ ಎಂದು ಮೊಹರು ಒತ್ತುತ್ತಿದ್ದರು. ಒಂದು ಹಾಳೆಯನ್ನು ಎತ್ತಿ ನೋಡಿದೆ. ಡಿಟಿಪಿ ಅಂಗಡಿಯಲ್ಲಿ ಎಷ್ಟೋ ವರ್ಷದ ಹಿಂದೆ ಮಾಡಿಸಿದ ರಬ್ಬರ್ ಸ್ಟಾಂಪು. ನೇರಳೆ ಶಾಯಿಯಲ್ಲಿ, ನಾನು ಅಚ್ಚು ಹಾಕಿದ 'ಕಾರ‍್ಯದರ್ಶಿ'ಯ ಸರಿಯಾಗಿ ಕೆಳಗೆ, 'ಕಾರ್ಯದರ್ಶಿ' ಎಂದಿತ್ತು. ಹಾಳೆಯನ್ನು ರಾಶಿಯ ಮೇಲಿಟ್ಟು ಲಕೋಟೆಗೆ ಅಂಟು ಹಚ್ಚಲು ಕೂತೆ.